ದವಡೆ ಹಲ್ಲು ಕಿತ್ತ ದಿನವೇ ಇಂಪ್ಲಾಂಟ್: ಯಾರಿಗೆ ಸರಿ, ಯಾರು ಕಾಯಬೇಕು?

“ಡಾಕ್ಟ್ರೇ, ಇದಕ್ಕೊಂದು ಸಹಿ ಹಾಕಿ ಕೊಡಿ. ನಾಳೆ ದವಡೆ ಹಲ್ಲು ಕಿತ್ತು ಅದೇ ಜಾಗದಲ್ಲಿ ಇಂಪ್ಲಾಂಟ್ ಕೂರಿಸ್ತಾರಂತೆ. ಮುಂದಿನ ತಿಂಗಳು ಐದನೇ ತಾರೀಕಿಗೆ ನಾನು ವಾಪಸು ಹೋಗ್ಬೇಕು.”

ಹೀಗೆಂದು ನನ್ನ ಮೇಜಿನ ಮೇಲೆ ರಕ್ತ ಪರೀಕ್ಷೆಯ ವರದಿ ಇಟ್ಟವರು ಭಟ್ಕಳದ 36 ವರ್ಷದ ಒಬ್ಬ ಯುವಕ. ಕೊಲ್ಲಿ ದೇಶದಲ್ಲಿ ಉದ್ಯೋಗ, ವರ್ಷಕ್ಕೆ ಒಂದೇ ತಿಂಗಳ ರಜೆ. ಕೆಳದವಡೆಯ ಎಡಗಡೆಯ ಹಲ್ಲು ಬೇರಿನವರೆಗೂ ಸೀಳಿತ್ತು. ಅವರ ದಂತ ವೈದ್ಯರು ನಿಯಮದಂತೆ, “ನಿಮ್ಮ ವೈದ್ಯರಿಂದ ಒಂದು ಚೀಟಿ ತನ್ನಿ” ಎಂದು ಕಳಿಸಿದ್ದರು. ವರದಿ ನೋಡಿದೆ. ಖಾಲಿ ಹೊಟ್ಟೆಯ ಸಕ್ಕರೆ 212. ಹಿಂದಿನ ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ 9.4. ತಮಗೆ ಸಕ್ಕರೆ ಕಾಯಿಲೆ ಇದೆಯೆಂಬುದು ಅವರಿಗೆ ಗೊತ್ತೇ ಇರಲಿಲ್ಲ. ನಾನು ಸಹಿ ಹಾಕಲಿಲ್ಲ. ಅವರಿಗೆ ಬೇಸರವಾಯಿತು.

ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆಯಿಂದ ಇಂಥ ಚೀಟಿ ಹಿಡಿದು ಬರುವವರು ಈಗ ಹೆಚ್ಚಾಗಿದ್ದಾರೆ. ನಾನು ದಂತ ವೈದ್ಯನಲ್ಲ. ಇಂಪ್ಲಾಂಟ್ ಕೂರಿಸುವುದು ನನ್ನ ಕೆಲಸವೂ ಅಲ್ಲ. ಆದರೆ ಕೂರಿಸಿದ್ದು ಎಲುಬಿಗೆ ಅಂಟುತ್ತದೋ ಇಲ್ಲವೋ ಎಂಬುದರಲ್ಲಿ ರೋಗಿಯ ಸಕ್ಕರೆ, ರಕ್ತ, ಅವರು ನುಂಗುವ ಮಾತ್ರೆ, ಜಗಿಯುವ ಕವಳ ಎಲ್ಲಕ್ಕೂ ಪಾಲಿದೆ. ಆದ್ದರಿಂದ ಈ ವಾರ ಇದೇ ವಿಷಯ. ಇಲ್ಲಿ ಬರುವ ರೋಗಿಗಳ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ.

ಮೊದಲ ಪ್ರಶ್ನೆ: ಕೀಳಲೇಬೇಕೇ?

ಬಾಯಲ್ಲಿ ಬರುವ ಮೊದಲ ಶಾಶ್ವತ ದವಡೆ ಹಲ್ಲು ಮಗುವಿನ ಆರನೇ ವರ್ಷಕ್ಕೆ ಹುಟ್ಟುತ್ತದೆ. ಯಾವ ಹಾಲುಹಲ್ಲೂ ಬೀಳದೆ, ಸಾಲಿನ ಹಿಂದುಗಡೆ ಸದ್ದಿಲ್ಲದೆ ಬರುವುದರಿಂದ ತಾಯಿ ತಂದೆ ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. “ಹುಳುಕಾದರೆ ಆಗಲಿ, ಹೇಗೂ ಬೀಳುವ ಹಲ್ಲು” ಎಂದು ಬಿಟ್ಟುಬಿಡುತ್ತಾರೆ. ಅದು ಬಿದ್ದರೆ ಮತ್ತೆ ಹುಟ್ಟುವುದಿಲ್ಲ. ಇಡೀ ಬಾಯಿಯಲ್ಲಿ ಅತಿ ಹೆಚ್ಚು ಭಾರ ಹೊರುವ ಈ ಹಲ್ಲು ಬೇಗ ಹಾಳಾಗುವುದಕ್ಕೆ ಈ ತಪ್ಪು ತಿಳುವಳಿಕೆಯೂ ಒಂದು ಕಾರಣ. ನಿಮ್ಮ ಮನೆಯಲ್ಲಿ ಆರು ಏಳು ವರ್ಷದ ಮಗುವಿದ್ದರೆ ಇಂದೇ ಬೆಳಕು ಹಿಡಿದು ಅದರ ಬಾಯಿಯ ಹಿಂಭಾಗವನ್ನು ನೋಡಿ.

ಹುಳುಕು ತಿರುಳಿಗೆ ಇಳಿದ ಮಾತ್ರಕ್ಕೆ ಹಲ್ಲು ಕೀಳಬೇಕೆಂದೇನಿಲ್ಲ. ರೂಟ್ ಕೆನಾಲ್ ಮಾಡಿ ಮೇಲೊಂದು ಕ್ಯಾಪ್ ಹಾಕಿದರೆ ಅದೇ ಹಲ್ಲು ಬಹುಕಾಲ ಬಾಳುತ್ತದೆ. ನಿಮ್ಮ ಸ್ವಂತ ಹಲ್ಲಿಗೂ ಎಲುಬಿಗೂ ನಡುವೆ ತೆಳುವಾದ ನಾರಿನ ಪದರ ಇರುತ್ತದೆ. ಅನ್ನದಲ್ಲಿ ಸಣ್ಣ ಕಲ್ಲು ಸಿಕ್ಕಿದರೆ ತಟಕ್ಕನೆ ತಿಳಿಸುವುದು ಅದೇ. ಎಂಥ ದುಬಾರಿ ಇಂಪ್ಲಾಂಟಿಗೂ ಆ ಪದರ ಇಲ್ಲ. ಹಲ್ಲು ಬೇರಿನವರೆಗೆ ಸೀಳಿದ್ದರೆ, ವಸಡಿನ ಕೆಳಗೆ ಪೂರಾ ಕೊಳೆತಿದ್ದರೆ, ಸುತ್ತಲಿನ ಎಲುಬು ಕರಗಿ ಹಲ್ಲು ಅಲುಗುತ್ತಿದ್ದರೆ ಮಾತ್ರ ಕೀಳುವ ಮಾತು. “ಉಳಿಸಲು ಸಾಧ್ಯವೇ?” ಎಂದು ಕೇಳದೆ ಯಾವ ಹಲ್ಲನ್ನೂ ತೆಗೆಸಿಕೊಳ್ಳಬೇಡಿ.

ಇಂಪ್ಲಾಂಟ್ ಎಂದರೇನು?

ಅದು ಟೈಟಾನಿಯಂ ಲೋಹದ ಸಣ್ಣ ತಿರುಪು. ಹಲ್ಲಿನ ಬೇರಿನ ಬದಲಿಗೆ ಅದನ್ನು ದವಡೆಯ ಎಲುಬಿನೊಳಗೆ ಕೂರಿಸುತ್ತಾರೆ. ಎಲುಬು ಅದಕ್ಕೆ ಗಟ್ಟಿಯಾಗಿ ಅಂಟಿಕೊಂಡ ಮೇಲೆ, ಅದರ ತಲೆಗೆ ಕ್ಯಾಪ್ ಜೋಡಿಸುತ್ತಾರೆ. ನಾವು ಕನ್ನಡಿಯಲ್ಲಿ ಕಾಣುವುದು ಕ್ಯಾಪನ್ನು ಮಾತ್ರ.

ಇದರ ಮೂಲ ಆಕಸ್ಮಿಕ. ಸ್ವೀಡನ್ನಿನ ಪರ್ ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವೈದ್ಯ ವಿಜ್ಞಾನಿ 1952ರಲ್ಲಿ ಎಲುಬಿನೊಳಗಿನ ರಕ್ತ ಸಂಚಾರವನ್ನು ನೋಡಲೆಂದು ಮೊಲದ ಕಾಲಿನೊಳಗೆ ಟೈಟಾನಿಯಂ ಕೊಳವೆ ಕೂರಿಸಿದ್ದರು. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಲು ಹೋದರೆ ಬರಲಿಲ್ಲ. ಎಲುಬು ಅದನ್ನು ತನ್ನದೇ ಭಾಗವೆಂಬಂತೆ ಹಿಡಿದುಕೊಂಡಿತ್ತು. 1965ರಲ್ಲಿ ಅವರು ಯೋಸ್ಟಾ ಲಾರ್ಸನ್ ಎಂಬ ವ್ಯಕ್ತಿಯ ದವಡೆಗೆ ಇಂಥ ತಿರುಪುಗಳನ್ನು ಹಾಕಿದರು. ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ 40 ವರ್ಷ, ಅವು ಅವರ ಬಾಯಲ್ಲಿ ಕೆಲಸ ಮಾಡಿದವು.

ಬ್ರೋನೆಮಾರ್ಕರ ಪದ್ಧತಿ ತಾಳ್ಮೆಯ ಪದ್ಧತಿ. ಹಲ್ಲು ಕಿತ್ತ ಗಾಯ ಪೂರಾ ಮಾಗಿ ಎಲುಬು ತುಂಬುವವರೆಗೆ ತಿಂಗಳುಗಟ್ಟಲೆ ಕಾಯುವುದು, ಆಮೇಲೆ ತಿರುಪು ಹಾಕುವುದು, ಕೆಳದವಡೆಗೆ ಮೂರು ನಾಲ್ಕು ತಿಂಗಳು, ಮೇಲ್ದವಡೆಗೆ ಸುಮಾರು ಆರು ತಿಂಗಳು ಮತ್ತೆ ಕಾಯುವುದು. ಒಂದು ಹಲ್ಲಿಗೆ ಒಂದು ವರ್ಷ. “ಕಿತ್ತ ದಿನವೇ ಆ ಗುಂಡಿಯಲ್ಲಿ ಏಕೆ ಕೂರಿಸಬಾರದು?” ಎಂಬ ಪ್ರಶ್ನೆ ಸಹಜವಾಗಿ ಬಂತು. ಜರ್ಮನಿಯ ಟ್ಯೂಬಿಂಗನ್‌ನಲ್ಲಿ ವಿಲ್ಫ್ರಿಡ್ ಶುಲ್ಟೆ 1970ರ ದಶಕದಲ್ಲೇ ಪಿಂಗಾಣಿಯ ಜಾತಿಯ ವಸ್ತುವಿನಿಂದ ಇಂಥ ತಕ್ಷಣದ ಇಂಪ್ಲಾಂಟ್ ಮಾಡಿ ತೋರಿಸಿದರು. ಮೊದಮೊದಲು ಮುಂದಿನ, ಒಂದೇ ಬೇರಿನ ಹಲ್ಲುಗಳಿಗೆ ಬಳಕೆಯಾದ ಈ ಕ್ರಮ ಈಗ ದವಡೆ ಹಲ್ಲಿಗೂ ಬಂದಿದೆ.

ಕಾಲದ ನಾಲ್ಕು ಲೆಕ್ಕ

ಇಂದು ದಂತ ವೈದ್ಯರು ಕಾಲವನ್ನು ನಾಲ್ಕು ಬಗೆಯಾಗಿ ಎಣಿಸುತ್ತಾರೆ.

1. ಹಲ್ಲು ಕಿತ್ತ ದಿನವೇ.
2. 4ರಿಂದ 8 ವಾರಗಳ ನಂತರ; ಮೇಲಿನ ವಸಡು ಮುಚ್ಚಿರುತ್ತದೆ, ಒಳಗೆ ಎಲುಬು ಇನ್ನೂ ತುಂಬಿರುವುದಿಲ್ಲ.
3. 12ರಿಂದ 16 ವಾರಗಳ ನಂತರ. ಒಳಗೆ ಸಾಕಷ್ಟು ಎಲುಬು ತುಂಬಿರುತ್ತದೆ.
4. ಆರು ತಿಂಗಳು ಕಳೆದ ಮೇಲೆ. ಗಾಯ ಪೂರಾ ಮಾಗಿರುತ್ತದೆ.

ನಾಲ್ಕೂ ಒಪ್ಪಿತ ಕ್ರಮಗಳೇ. ಮೊದಲನೆಯದು ಹೊಸದು, ಉಳಿದವು ಹಳತಾದವು ಎಂದು ತಿಳಿಯಬೇಡಿ. ಮೊದಲನೆಯದರಲ್ಲಿ ಒಂದು ಶಸ್ತ್ರಕ್ರಿಯೆ ಉಳಿಯುತ್ತದೆ, ಕೆಲವು ತಿಂಗಳು ಉಳಿಯುತ್ತವೆ. ಲಾಭ ಅಷ್ಟೇ, ಸಣ್ಣದೇನೂ ಅಲ್ಲ.

ಆದರೆ ಇನ್ನೊಂದು ಲಾಭವನ್ನೂ ಕೆಲವರು ಹೇಳುತ್ತಾರೆ: “ತಡಮಾಡಿದರೆ ಎಲುಬು ಕರಗುತ್ತದೆ; ಇಂದೇ ತಿರುಪು ಹಾಕಿದರೆ ಕರಗುವುದಿಲ್ಲ.” ಇದರಲ್ಲಿ ಅರ್ಧ ನಿಜ. ಹಲ್ಲು ಹೋದ ಜಾಗದ ಎಲುಬು ಸವೆಯುವುದು ಹೌದು. 2003ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಅಧ್ಯಯನದ ಪ್ರಕಾರ ಹಿಂದಿನ ಹಲ್ಲು ಕಿತ್ತ ಜಾಗದಲ್ಲಿ ಒಂದು ವರ್ಷದೊಳಗೆ ಎಲುಬಿನ ದಿಂಡಿನ ಅಗಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆ ಇಳಿತದಲ್ಲಿ ಮೂರರಲ್ಲಿ ಎರಡು ಪಾಲು ಮೊದಲ ಮೂರು ತಿಂಗಳಲ್ಲೇ ಆಗುತ್ತದೆ. ಆದರೆ ತಕ್ಷಣ ತಿರುಪು ಹಾಕಿದರೆ ಸವೆತ ನಿಲ್ಲುತ್ತದೆ ಎಂಬ ನಂಬಿಕೆ ನಿಲ್ಲಲಿಲ್ಲ. ಅರೌಜೋ, ಲಿಂಡೆ ಮುಂತಾದವರು 2005ರಲ್ಲಿ ನಾಯಿಗಳಲ್ಲಿ ನಡೆಸಿದ ಪ್ರಯೋಗದಲ್ಲಿ ತಿರುಪು ಇದ್ದರೂ ಕೆನ್ನೆ ಕಡೆಯ ತೆಳು ಎಲುಬು ಸವೆದದ್ದು ಕಂಡುಬಂತು. ಆದ್ದರಿಂದ ಎಲುಬು ಉಳಿಸುವ ಹೆಸರಿನಲ್ಲಿ ಯಾರೂ ಆತುರಪಡಬೇಕಿಲ್ಲ.

ದವಡೆ ಹಲ್ಲಿನ ಗುಂಡಿ ಏಕೆ ಬೇರೆ?

ಅಂಗಳದಲ್ಲಿ ಚಪ್ಪರದ ಕಂಬ ನೆಡುವುದನ್ನು ನೆನಪಿಸಿಕೊಳ್ಳಿ. ಕಂಬದಷ್ಟೇ ಅಗಲದ ಗುಂಡಿಯಾದರೆ ಕಂಬ ತಾನೇ ಬಿಗಿಯಾಗಿ ನಿಲ್ಲುತ್ತದೆ. ಗುಂಡಿ ಎರಡು ಪಟ್ಟು ಅಗಲವಾದರೆ ಕಲ್ಲು, ಮಣ್ಣು ತುಂಬಿ ಗುದ್ದಿದರೂ ಕಂಬ ಅಲುಗುತ್ತದೆ. ಮುಂದಿನ ಹಲ್ಲಿನ ಗುಂಡಿ ಮೊದಲನೆಯ ಬಗೆ. ದವಡೆ ಹಲ್ಲಿನದು ಎರಡನೆಯ ಬಗೆ. ಕೆಳಗಿನ ಮೊದಲ ದವಡೆ ಹಲ್ಲಿನ ಅಗಲ ಸುಮಾರು 10ರಿಂದ 11 ಮಿಲಿಮೀಟರ್. ಅಲ್ಲಿಗೆ ಹಾಕುವ ತಿರುಪಿನ ದಪ್ಪ ಸಾಮಾನ್ಯವಾಗಿ 5ರಿಂದ 6 ಮಿಲಿಮೀಟರ್.

ಇನ್ನೊಂದು ವಿಶೇಷ. ಕೆಳಗಿನ ದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೇಲಿನದಕ್ಕೆ ಮೂರು. ಹಲ್ಲು ಕಿತ್ತಾಗ ಒಂದರ ಬದಲು ಎರಡು ಮೂರು ಗುಂಡಿಗಳು ಉಳಿಯುತ್ತವೆ. ಅವುಗಳ ನಡುವೆ ಗದ್ದೆಯ ಹಾಳಿಯಂತೆ ಎಲುಬಿನ ಒಂದು ಗೋಡೆ ನಿಂತಿರುತ್ತದೆ. ತಿರುಪು ಕೂರುವುದು ಆ ಗೋಡೆಯಲ್ಲಿ. ಸ್ಮಿತ್ ಮತ್ತು ಟಾರ್ನೊ ಎಂಬ ಇಬ್ಬರು ತಜ್ಞರು 2013ರಲ್ಲಿ ಈ ಗುಂಡಿಗಳನ್ನು ಮೂರು ವರ್ಗ ಮಾಡಿದರು. ನಡುಗೋಡೆ ದಪ್ಪವಾಗಿದ್ದು ತಿರುಪನ್ನು ಸುತ್ತಲೂ ಮುಚ್ಚಿ ಹಿಡಿದರೆ ‘ಎ’. ಗೋಡೆ ಹಿಡಿದರೂ ತಿರುಪಿನ ಮೈ ಅಲ್ಲಲ್ಲಿ ಹೊರಗೆ ಕಂಡರೆ ‘ಬಿ’. ಗೋಡೆ ಇಲ್ಲವೇ ಇಲ್ಲ, ಅಥವಾ ಇದ್ದೂ ಹಿಡಿಯಲಾರದಷ್ಟು ಸಣ್ಣದು ಎಂದರೆ ‘ಸಿ’. ‘ಎ’ ಅನುಕೂಲ. ‘ಬಿ’ ಅನುಭವಿ ಕೈಗೆ ಸಾಧ್ಯ. ‘ಸಿ’ ಬಗೆಯಲ್ಲಿ ತೀರಾ ದಪ್ಪದ ತಿರುಪನ್ನು ಗುಂಡಿಯ ಹೊರಗೋಡೆಗಳಿಗೆ ಬಿಗಿಯಬೇಕಾಗುತ್ತದೆ, ಇಲ್ಲವೇ ಕಾಯಬೇಕಾಗುತ್ತದೆ. ಹೆಚ್ಚಿನವರಿಗೆ ಕಾಯುವುದೇ ಲೇಸು.

ಗೋಡೆ ಸಾಲದಿದ್ದರೆ ಗುಂಡಿಯ ತಳ ದಾಟಿ ಇನ್ನೂ ಕೆಳಗೆ ಕೊರೆಯಬಾರದೇ? ಇಲ್ಲಿ ಎರಡು ಗಡಿಗಳಿವೆ. ಕೆಳದವಡೆಯಲ್ಲಿ ಬೇರುಗಳ ಕೆಳಗೇ ತುಟಿ ಮತ್ತು ಗದ್ದಕ್ಕೆ ಸ್ಪರ್ಶ ಕೊಡುವ ನರ ಒಂದು ಕಾಲುವೆಯಲ್ಲಿ ಹರಿಯುತ್ತದೆ. ಅದಕ್ಕೆ ಪೆಟ್ಟಾದರೆ ತುಟಿ ತಿಂಗಳುಗಟ್ಟಲೆ, ಕೆಲವರಿಗೆ ಶಾಶ್ವತವಾಗಿ, ಮರಗಟ್ಟುತ್ತದೆ. ಮೇಲ್ದವಡೆಯಲ್ಲಿ ಬೇರುಗಳ ಮೇಲೆಯೇ ಸೈನಸ್ ಎಂಬ ಗಾಳಿಯ ಕೋಣೆ ಇದೆ. ಈ ಎರಡು ಗಡಿಗಳಿಗೆ ಎಷ್ಟು ಅಂತರ ಇದೆಯೆಂಬುದು ಸಾಮಾನ್ಯ ಎಕ್ಸ್‌ರೇಯಲ್ಲಿ ಸರಿಯಾಗಿ ತಿಳಿಯದು. ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಬೇಕು. ಹತ್ತಿರದಲ್ಲಿ ಸಿಗದಿದ್ದರೆ ಪ್ರಯಾಣ ಮಾಡಿಯಾದರೂ ಮಾಡಿಸಿ. ದಂತ ವೈದ್ಯಕೀಯ ಕಾಲೇಜುಗಳಲ್ಲಿ ನಮಗೆ ಹತ್ತಿರದವು ದಕ್ಷಿಣಕ್ಕೆ ಮಣಿಪಾಲ, ಘಟ್ಟ ಹತ್ತಿದರೆ ಧಾರವಾಡ. ಭಟ್ಕಳದಿಂದ ಮಣಿಪಾಲ ಸುಮಾರು 90 ಕಿ.ಮೀ. ಒಂದು ದಿನದ ಈ ಓಡಾಟ ತುಟಿ ಮರಗಟ್ಟಿಸಿಕೊಳ್ಳುವುದಕ್ಕಿಂತ ಎಷ್ಟೋ ಅಗ್ಗ.

ಆ ದಿನ ಏನು ನಡೆಯುತ್ತದೆ?

ಕುಮಟಾದ 44 ವರ್ಷದ ಒಬ್ಬ ಶಿಕ್ಷಕಿಗೆ ಇದೇ ಚಿಕಿತ್ಸೆ ಚೆನ್ನಾಗಿ ಆಯಿತು. ಸಕ್ಕರೆ, ರಕ್ತದೊತ್ತಡ ಇಲ್ಲ, ಎಲೆ ಅಡಿಕೆಯ ಚಟವಿಲ್ಲ, ಹಿಂದೆ ರೂಟ್ ಕೆನಾಲ್ ಆಗಿದ್ದ ಹಲ್ಲು ಸೀಳಿತ್ತು, ಆದರೆ ಕೀವು ಇರಲಿಲ್ಲ, ನಡುಗೋಡೆ ದಪ್ಪವಾಗಿತ್ತು. ಅವರು ನನಗೆ ಹೇಳಿದ ಕ್ರಮ ಹೀಗಿತ್ತು.

ಚುಚ್ಚುಮದ್ದಿನಿಂದ ಜಾಗ ಮರಗಟ್ಟಿಸಿದರು. ಹಲ್ಲನ್ನು ಇಕ್ಕುಳದಿಂದ ಹಿಡಿದು ಅಲುಗಾಡಿಸಿ ಕೀಳಲಿಲ್ಲ. ಹಾಗೆ ಮಾಡಿದರೆ ಕೆನ್ನೆ ಕಡೆಯ ತೆಳು ಎಲುಬೂ ನಡುಗೋಡೆಯೂ ಮುರಿಯುತ್ತವೆ. ಹಲ್ಲನ್ನು ನಡುವೆ ಕತ್ತರಿಸಿ, ಒಂದೊಂದು ಬೇರನ್ನು ಬೇರೆ ಬೇರೆಯಾಗಿ ಮೆಲ್ಲನೆ ತೆಗೆದರು. ಗುಂಡಿಯನ್ನು ಕೆರೆದು ಶುಚಿ ಮಾಡಿ ತೊಳೆದರು. ನಡುಗೋಡೆಯಲ್ಲಿ ತಂಪು ನೀರು ಹರಿಸುತ್ತ ನಿಧಾನವಾಗಿ ರಂಧ್ರ ಕೊರೆದು ತಿರುಪು ಬಿಗಿದರು. ಬಿಗಿತವನ್ನು ಅಳತೆಯ ಸಾಧನದಿಂದ ನೋಡಿದರು. ಸಾಮಾನ್ಯವಾಗಿ 35 ನ್ಯೂಟನ್ ಸೆಂಟಿಮೀಟರಿನಷ್ಟು ಬಿಗಿ ಸಿಕ್ಕರೆ ಸಮಾಧಾನ. ಸುತ್ತ ಉಳಿದ ಸಂದಿಗೆ ಎಲುಬಿನ ಪುಡಿ ತುಂಬಿ, ಮೇಲೆ ಮುಚ್ಚಳ ಹಾಕಿ ಹೊಲಿಗೆ ಹಾಕಿದರು.

ಎಲುಬಿನ ಪುಡಿಯ ವಿಷಯ ಒಂದು ಮಾತು. ಅದು ದನದ ಮೂಲದ್ದಿರಬಹುದು, ಹಂದಿಯದಿರಬಹುದು, ಮಾನವ ದಾನಿಯದಿರಬಹುದು, ಕೃತಕವಾಗಿ ತಯಾರಿಸಿದ್ದೂ ಇರಬಹುದು. ನಮ್ಮ ಕರಾವಳಿಯಲ್ಲಿ ಎಲ್ಲ ಧರ್ಮದ, ಎಲ್ಲ ಆಹಾರಪದ್ಧತಿಯ ಕುಟುಂಬಗಳಿವೆ. ನಿಮಗೆ ಯಾವುದಾದರೂ ಒಗ್ಗದಿದ್ದರೆ ಸಂಕೋಚವಿಲ್ಲದೆ ಮೊದಲೇ ಕೇಳಿ, ಹೇಳಿ. ಬದಲಿ ಉಂಟು.

ಮುಖ್ಯವಾದ ಮಾತು: “ಅದೇ ದಿನ ಇಂಪ್ಲಾಂಟ್” ಎಂದರೆ “ಅದೇ ದಿನ ಹಲ್ಲು” ಎಂದಲ್ಲ. ಶಿಕ್ಷಕಿಯವರಿಗೆ ಕ್ಯಾಪ್ ಕೂತದ್ದು ನಾಲ್ಕು ತಿಂಗಳ ಮೇಲೆ. ಮೊದಲ ದಿನ ತಿರುಪು ನಿಲ್ಲುವುದು ಬರೀ ಬಿಗಿತದಿಂದ. ಎರಡರಿಂದ ನಾಲ್ಕನೇ ವಾರದಲ್ಲಿ ಸುತ್ತಲಿನ ಹಳೆ ಎಲುಬು ಸ್ವಲ್ಪ ಕರಗಿ, ಹೊಸದು ಇನ್ನೂ ಬಲಿಯದೆ, ಹಿಡಿತ ಮೊದಲಿಗಿಂತ ಸಡಿಲವಾಗುತ್ತದೆ. ಸರಿಯಾಗಿ ಆಗಲೇ ನೋವು, ಬಾವು ಎಲ್ಲ ಹೋಗಿರುತ್ತವೆ! ನೋವಿಲ್ಲವೆಂದು ಆ ಕಡೆಯಿಂದ ಚಕ್ಕುಲಿ, ಹುರಿಗಡಲೆ ಕಡಿದವರು ತಿರುಪನ್ನೇ ಅಲುಗಿಸಿಕೊಳ್ಳುತ್ತಾರೆ. ಅಲುಗಿದ್ದು ಮತ್ತೆ ಅಂಟುವುದು ಕಷ್ಟ.

ಜಾಗವೂ ರೋಗಿಯೂ ಸರಿಯಾಗಿ ಆಯ್ಕೆಯಾದಲ್ಲಿ ದವಡೆ ಹಲ್ಲಿನ ತಕ್ಷಣದ ಇಂಪ್ಲಾಂಟುಗಳಲ್ಲಿ 100ಕ್ಕೆ 95ಕ್ಕಿಂತ ಹೆಚ್ಚು ಉಳಿಯುತ್ತವೆಂದು ಅಧ್ಯಯನಗಳು ಹೇಳುತ್ತವೆ. ‘ಸರಿಯಾಗಿ ಆಯ್ಕೆಯಾದಲ್ಲಿ’ ಎಂಬ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿ.

ಸಹಿ ಹಾಕುವ ಮೊದಲು ನಾನು ನೋಡುವುದು

ಸಕ್ಕರೆ ಕಾಯಿಲೆ: ಸಕ್ಕರೆ ಹೆಚ್ಚಿದ್ದಾಗ ಗಾಯ ತಡವಾಗಿ ಮಾಗುತ್ತದೆ, ಸೋಂಕು ಬೇಗ ತಗಲುತ್ತದೆ, ಎಲುಬು ನಿಧಾನವಾಗಿ ಬೆಳೆಯುತ್ತದೆ. ಎಚ್‌ಬಿಎ1ಸಿ 7ರ ಆಸುಪಾಸಿನಲ್ಲಿದ್ದರೆ ನನಗೆ ಚಿಂತೆಯಿಲ್ಲ. 8 ದಾಟಿದ್ದರೆ, ತುರ್ತು ಅಲ್ಲದ ಈ ಕೆಲಸವನ್ನು ಮುಂದೂಡಿ ಎನ್ನುತ್ತೇನೆ. ಹತೋಟಿಯಲ್ಲಿದ್ದವರಿಗೆ ಇಂಪ್ಲಾಂಟ್ ನಿಷಿದ್ಧವಲ್ಲ.

ರಕ್ತ ತೆಳುಮಾಡುವ ಔಷಧ: ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮಾತ್ರೆಗಳನ್ನು ಹಲ್ಲಿಗೋಸ್ಕರ ತಾವಾಗಿ ನಿಲ್ಲಿಸಬಾರದು. ಹಲ್ಲಿನ ರಕ್ತವನ್ನು ಹತ್ತಿ ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಬಹುದು. ಸ್ಟೆಂಟಿನೊಳಗೆ ಹೆಪ್ಪುಗಟ್ಟಿದರೆ ಪ್ರಾಣಕ್ಕೇ ಅಪಾಯ. ವಾರ್ಫರಿನ್ ನುಂಗುವವರು ಐಎನ್‌ಆರ್ ಪರೀಕ್ಷೆ ಮಾಡಿಸಿಕೊಂಡೇ ಹೋಗಬೇಕು.

ಎಲುಬು ಸವೆತದ ಔಷಧ: ಅಲೆಂಡ್ರೊನೇಟ್ ಮಾತ್ರೆ, ಜೊಲೆಡ್ರೊನಿಕ್ ಆಮ್ಲದ ಚುಚ್ಚುಮದ್ದು ತೆಗೆದುಕೊಂಡ ಕೆಲವರಿಗೆ ಹಲ್ಲು ಕಿತ್ತ ಮೇಲೆ ದವಡೆಯ ಎಲುಬು ಸತ್ತು ಬಯಲಾಗುವ ತೊಂದರೆ ಇದೆ. ಮಾತ್ರೆಯವರಲ್ಲಿ ಇದು ವಿರಳ; ಕ್ಯಾನ್ಸರಿಗಾಗಿ ದೊಡ್ಡ ಪ್ರಮಾಣದ ಚುಚ್ಚುಮದ್ದು ಪಡೆದವರಲ್ಲಿ ಹೆಚ್ಚು. ವರ್ಷಕ್ಕೊಮ್ಮೆ ಹಾಕಿಸುವ ಚುಚ್ಚುಮದ್ದನ್ನು ಅಜ್ಜಿಯಂದಿರು ಮರೆತೇಬಿಟ್ಟಿರುತ್ತಾರೆ. ಮನೆಯವರು ನೆನಪಿಸಬೇಕು.

ಹೃದಯದ ಕವಾಟ: ಕೃತಕ ಕವಾಟ ಇದ್ದವರು, ಹಿಂದೆ ಹೃದಯದೊಳಗೆ ಸೋಂಕು ಆಗಿದ್ದವರು ಹಲ್ಲು ಕೀಳುವ ಮೊದಲು ವೈದ್ಯರು ಹೇಳಿದ ಪ್ರತಿಜೀವಕ ಔಷಧ ನುಂಗಲೇಬೇಕು.

ಬಾವು, ಕೀವು: ಬೇರಿನ ತುದಿಯ ಹಳೆಯ ಸಣ್ಣ ಸೋಂಕನ್ನು ಪೂರಾ ಕೆರೆದು ತೆಗೆಯಬಹುದಾದರೆ ಕೆಲವರಲ್ಲಿ ಅಂದೇ ತಿರುಪು ಹಾಕುತ್ತಾರೆ. ಮುಖ ಊದಿ ಕೀವು ಸುರಿಯುತ್ತಿದ್ದರೆ ಅಂದು ಬೇಡವೇ ಬೇಡ.

ಕವಳದ ಕಥೆ

ನಮ್ಮ ಜಿಲ್ಲೆಯಲ್ಲಿ ಊಟದ ನಂತರ ಕವಳ ಹಾಕದಿದ್ದರೆ ಊಟವೇ ಮುಗಿದಂತಲ್ಲ. ನಾನೂ ಅಂಥ ಮನೆಯಿಂದಲೇ ಬಂದವನು. ಕವಳದ ತಟ್ಟೆಗೆ ಮರ್ಯಾದೆ ಕೊಟ್ಟೇ ಈ ಮಾತು ಹೇಳುತ್ತೇನೆ. ಎಲೆ ಅಡಿಕೆ, ತಂಬಾಕು ಇದ್ದರೂ ಇಲ್ಲದಿದ್ದರೂ, ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ಅಡಿಕೆ, ತಂಬಾಕು ಬೇರೆ ಬೇರೆ ರೂಪದಲ್ಲಿ ಬಾಯಿಗೆ ಹೋಗುತ್ತಲೇ ಇವೆ.

ಇಂಪ್ಲಾಂಟಿಗೂ ಇದಕ್ಕೂ ಏನು ಸಂಬಂಧ? ಮೂರು ಸಂಬಂಧ. ಒಂದು, ತಂಬಾಕು ರಕ್ತನಾಳಗಳನ್ನು ಕುಗ್ಗಿಸಿ ಗಾಯ ಮಾಗುವುದನ್ನು ತಡೆಯುತ್ತದೆ. ಎರಡು, ಅಡಿಕೆಯಿಂದ ಕೆಲವರ ಕೆನ್ನೆಯ ಒಳಪದರ ಹಗ್ಗದಂತೆ ಬಿಗಿದು ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ದವಡೆ ಹಲ್ಲಿನ ಜಾಗದಲ್ಲಿ ಕೊರೆಯುವ ಸಾಧನ ನೆಟ್ಟಗೆ ನಿಲ್ಲಬೇಕಾದರೆ ಬಾಯಿ ಅಗಲವಾಗಿ ತೆರೆಯಬೇಕು. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಮೇಲಿನ ಕೆಳಗಿನ ಮುಂಹಲ್ಲುಗಳ ನಡುವೆ ಇಟ್ಟು ನೋಡಿ. ಹಿಡಿಸದಿದ್ದರೆ ಇಂಪ್ಲಾಂಟಿನ ಮಾತು ಆಮೇಲೆ. ಮೊದಲು ಬಾಯಿಯ ಪರೀಕ್ಷೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಹೊನ್ನಾವರ ತಾಲ್ಲೂಕಿನ ಒಬ್ಬ ತೋಟದ ಹಿರಿಯರು, ವಯಸ್ಸು 61, ಎರಡು ತಿಂಗಳಿಂದ ಒಂದು ದವಡೆ ಹಲ್ಲು ಅಲುಗುತ್ತಿದೆ ಎಂದು ಬಂದರು. “ಇದೊಂದು ಕಿತ್ತು ಹೊಸದು ಕೂರಿಸಿಬಿಡಲಿ ಮಾರಾಯ್ರೆ, ಮಗ ದುಡ್ಡು ಕಳಿಸ್ತಾನೆ” ಎಂದರು. ಬೆಳಕು ಹಿಡಿದು ನೋಡಿದರೆ ಹಲ್ಲಿನ ಪಕ್ಕದ ವಸಡಿನಲ್ಲಿ, ಸರಿಯಾಗಿ ಕವಳ ಇಡುವ ಜಾಗದಲ್ಲಿ, ಗಡುಸಾದ ಹುಣ್ಣು. ನೋವಿಲ್ಲ. ಅಕ್ಕಪಕ್ಕದ ಹಲ್ಲುಗಳೆಲ್ಲ ಗಟ್ಟಿ, ಇದೊಂದೇ ಸಡಿಲ. ಹಲ್ಲಿಗೆ ಕೈ ಹಚ್ಚದೆ ಹುಣ್ಣಿನ ತುಣುಕು ಪರೀಕ್ಷೆಗೆ ಕಳಿಸಿದೆವು. ಕ್ಯಾನ್ಸರ್ ಆಗಿತ್ತು. ಆರಂಭದ ಹಂತದಲ್ಲಿತ್ತು, ಶಸ್ತ್ರಕ್ರಿಯೆ ಆಗಿ ಈಗ ಮನೆಯಲ್ಲಿದ್ದಾರೆ. ಅಂದು ಹಲ್ಲು ಕಿತ್ತು ತಿರುಪು ಹಾಕಿದ್ದರೆ, ಮಾಗದ ಗಾಯವನ್ನು ‘ಇಂಪ್ಲಾಂಟಿನ ಸೋಂಕು’ ಎಂದುಕೊಂಡು ಅಮೂಲ್ಯವಾದ ತಿಂಗಳುಗಳು ಕಳೆದುಹೋಗುತ್ತಿದ್ದವು.

ಆದ್ದರಿಂದ ನೆನಪಿಡಿ: ಕಾರಣವಿಲ್ಲದೆ ಒಂದೇ ಹಲ್ಲು ಅಲುಗಿದರೆ, ಮೂರು ವಾರ ಕಳೆದರೂ ಹುಣ್ಣು ಮಾಗದಿದ್ದರೆ, ಹಲ್ಲು ಕಿತ್ತ ಗುಂಡಿ ಮುಚ್ಚದೆ ಮಾಂಸ ಬೆಳೆದರೆ, ತುಟಿ ತಾನಾಗಿ ಮರಗಟ್ಟಿದರೆ, ಕೂಡಲೇ ತೋರಿಸಬೇಕು.

ರಜೆಯ ಲೆಕ್ಕ

ಪರದೇಶದಲ್ಲಿ, ಮುಂಬೈ ಬೆಂಗಳೂರುಗಳಲ್ಲಿ ದುಡಿಯುವವರಿಗೆ ಕೆಲವು ಸಲಹೆಗಳು.

1. ರಜೆಗೆ ಬರುವ ಎರಡು ತಿಂಗಳ ಮೊದಲೇ ಇರುವಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿ, ಹಲ್ಲಿನ ಎಕ್ಸ್‌ರೇ ತೆಗೆಸಿ ನಿಮ್ಮ ದಂತ ವೈದ್ಯರಿಗೆ ಕಳಿಸಿ.

2. ಅಂದೇ ಕೂರಿಸುವುದಾದರೆ ರಜೆಯ ಮೊದಲ ವಾರದಲ್ಲೇ ಆಗಲಿ. ಹೊಲಿಗೆ ಬಿಚ್ಚಲು, ಒಂದೆರಡು ಬಾರಿ ತೋರಿಸಲು ದಿನಗಳು ಉಳಿಯಬೇಕು. ಕೊನೆಯ ವಾರದಲ್ಲಿ ಬೇಡ.

3. ಅಂದೇ ಆಗದಿದ್ದರೆ ಹಲ್ಲನ್ನು ಮಾತ್ರ ತೆಗೆಸಿ, ಮುಂದಿನ ರಜೆಯಲ್ಲಿ ಮಾಗಿದ ಎಲುಬಿಗೆ ತಿರುಪು ಹಾಕಿಸಿ. ಬಹುಕಾಲ ಖಾಲಿ ಬಿಟ್ಟರೆ ಪಕ್ಕದ ಹಲ್ಲು ವಾಲುತ್ತದೆ, ಎದುರಿನ ಹಲ್ಲು ಜಾರಿ ಬರುತ್ತದೆ. ಜಾಗ ಕಾಯುವ ಉಪಾಯ ಕೇಳಿಕೊಳ್ಳಿ.

4. ತಿರುಪಿನ ಕಂಪನಿಯ ಹೆಸರು, ದಪ್ಪ, ಉದ್ದ, ಬ್ಯಾಚ್ ಸಂಖ್ಯೆ, ಹಾಕಿದ ದಿನಾಂಕ ಇರುವ ಕಾರ್ಡನ್ನು ಕೇಳಿ ಪಡೆದು ಪಾಸ್‌ಪೋರ್ಟಿನ ಜೊತೆ ಇಡಿ. ಒಂದು ಕಂಪನಿಯ ಬಿಡಿಭಾಗ ಇನ್ನೊಂದಕ್ಕೆ ಕೂರುವುದಿಲ್ಲ. ಕಾರ್ಡಿದ್ದರೆ ನೀವಿರುವ ಊರಿನಲ್ಲೇ ಕ್ಯಾಪ್ ಹಾಕಿಸಬಹುದು.

5. ಮೇಲ್ದವಡೆಯ ಹಲ್ಲು ತೆಗೆಯುವಾಗ ಸೈನಸ್ ತೆರೆದಿದ್ದರೆ ಮೂಗು ಜೋರಾಗಿ ಸೀನಬಾರದು. ವಿಮಾನ ಏರುವ ಮೊದಲು ವೈದ್ಯರ ಒಪ್ಪಿಗೆ ಬೇಕು.

ಖರ್ಚನ್ನೂ ಮೊದಲೇ ಬರೆಸಿಕೊಳ್ಳಿ: ಸ್ಕ್ಯಾನ್, ತಿರುಪು, ಎಲುಬಿನ ಪುಡಿ, ಕ್ಯಾಪ್ ಎಲ್ಲ ಸೇರಿ ಎಷ್ಟು, ತಿರುಪು ನಿಲ್ಲದಿದ್ದರೆ ಮುಂದೇನು ಎಂದು. ಸಾಲ ಮಾಡಿ ಹಾಕಿಸುವ ವಸ್ತು ಇದಲ್ಲ. ಪಕ್ಕದ ಹಲ್ಲುಗಳ ಆಧಾರದ ಬ್ರಿಜ್, ತೆಗೆದು ಹಾಕುವ ಹಲ್ಲು ಇವೂ ಗೌರವದ ಚಿಕಿತ್ಸೆಗಳೇ.

ಹಾಕಿಸಿಕೊಂಡ ಮೇಲೆ

ಮೊದಲ ದಿನ ಉಗುಳುವುದು, ಬಾಯಿ ಮುಕ್ಕಳಿಸುವುದು, ಸ್ಟ್ರಾ ಹಾಕಿ ಹೀರುವುದು ಬೇಡ, ಹೆಪ್ಪು ಕಿತ್ತುಬರುತ್ತದೆ. ತಣ್ಣಗಾದ ಗಂಜಿ, ಮಜ್ಜಿಗೆ ಅನ್ನ ಸಾಕು. ಮರುದಿನದಿಂದ ಬೆಚ್ಚಗಿನ ಉಪ್ಪುನೀರಲ್ಲಿ ಮೆಲ್ಲನೆ ಮುಕ್ಕಳಿಸಿ. ಮೀನಿನ ಮುಳ್ಳು, ಗಟ್ಟಿ ತಿಂಡಿ ಆ ಕಡೆಗೆ ಹೋಗದಿರಲಿ. ಕವಳ, ಬೀಡಿ, ಸಿಗರೇಟು ಬಿಡಲು ಇದಕ್ಕಿಂತ ಒಳ್ಳೆಯ ಮುಹೂರ್ತ ಇಲ್ಲ. ನಿಲ್ಲದ ರಕ್ತ, ಏರುವ ಜ್ವರ, ಮೂರನೇ ದಿನದ ನಂತರವೂ ಹೆಚ್ಚುತ್ತ ಹೋಗುವ ಬಾವು, ಚುಚ್ಚುಮದ್ದಿನ ಅಮಲು ಇಳಿದರೂ ಹೋಗದ ತುಟಿಯ ಮರಗಟ್ಟುವಿಕೆ ಕಂಡರೆ ಅಂದೇ ವೈದ್ಯರನ್ನು ಕಾಣಿ.

ಕ್ಯಾಪ್ ಕೂತ ಮೇಲೂ ಕೆಲಸ ಮುಗಿಯಲಿಲ್ಲ. ಇಂಪ್ಲಾಂಟಿಗೆ ಹುಳುಕು ಹಿಡಿಯದು, ಆದರೆ ಸುತ್ತಲಿನ ವಸಡಿಗೂ ಎಲುಬಿಗೂ ಸೋಂಕು ಹಿಡಿಯುತ್ತದೆ. ದಿನಕ್ಕೆರಡು ಸಲ ಹಲ್ಲುಜ್ಜುವುದು, ಸಂದಿ ಶುಚಿ ಮಾಡುವುದು, ಆರು ತಿಂಗಳಿಗೊಮ್ಮೆ ತೋರಿಸುವುದು ಸ್ವಂತ ಹಲ್ಲಿಗಿಂತ ಇದಕ್ಕೇ ಹೆಚ್ಚು ಅಗತ್ಯ.

ಮತ್ತೆ ಆ ಯುವಕನ ವಿಷಯ. ಅಂದು ಬೇಸರದಿಂದ ಎದ್ದು ಹೋದವರು ಮೂರನೇ ದಿನ ಹೆಂಡತಿಯ ಜೊತೆ ಬಂದರು. ಸಕ್ಕರೆಗೆ ಔಷಧ, ಪಥ್ಯ ಆರಂಭಿಸಿದೆವು. ರಜೆಯ ಕೊನೆಗೆ ಸಕ್ಕರೆ ಹದಕ್ಕೆ ಬಂದಾಗ ಹಲ್ಲನ್ನು ಮಾತ್ರ ತೆಗೆದರು. ಮರುವರ್ಷ ಬಂದಾಗ ಎಚ್‌ಬಿಎ1ಸಿ 6.8. ಮಾಗಿದ ಎಲುಬಿನಲ್ಲಿ ತಿರುಪು ಕೂತಿತು. ಕಾರ್ಡು ತೋರಿಸಿ ಕ್ಯಾಪನ್ನು ಕೆಲಸದ ಊರಲ್ಲೇ ಹಾಕಿಸಿಕೊಂಡರು. ಈ ಸಲ ಬಂದಾಗ ಅವರು ಮೊದಲು ಹೇಳಿದ್ದು ಹಲ್ಲಿನ ಮಾತಲ್ಲ: “ಡಾಕ್ಟ್ರೇ, ಅಣ್ಣನಿಗೂ ಸಕ್ಕರೆ ಪರೀಕ್ಷೆ ಮಾಡ್ಸಿದೆ. ಅವನಿಗೂ ಉಂಟು.”

‘ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ’ ಎಂಬ ಗಾದೆಗೆ ಇಂದಿನ ವೈದ್ಯ ವಿಜ್ಞಾನ ಅರ್ಧ ಪರಿಹಾರ ಕಂಡುಹಿಡಿದಿದೆ. ಉಳಿದರ್ಧ ನಮ್ಮ ತಾಳ್ಮೆಯಲ್ಲಿದೆ. ತಿರುಪು ಇಂದೇ ಕೂರಬೇಕೋ ಮೂರು ತಿಂಗಳ ಮೇಲೋ ಎಂಬುದನ್ನು ವಿಮಾನದ ಟಿಕೆಟು ತೀರ್ಮಾನಿಸಬಾರದು. ನಿಮ್ಮ ಎಲುಬು ಮತ್ತು ನಿಮ್ಮ ರಕ್ತ ತೀರ್ಮಾನಿಸಲಿ.